ಟೈಲ್ಸ್ ಕೆಳಗಿನ ಅರ್ಧಚಂದ್ರ

"ಒಡೀರಿ ಮೇಡಂ, ಧಾರಾಳವಾಗಿ ಒಡೀರಿ. ಲೈಸೆನ್ಸ್ ಇಲ್ದೆ ಮಾಡಿದ ಕೆಲಸ ಅಂತ ನಾನೇ ಬಾಯಿಬಿಟ್ಟು ಒಪ್ಕೊಂಡಿದೀನಲ್ಲ. ಇನ್ನೇನು ಹುಡುಕ್ತೀರಿ?"

ಬಚ್ಚಲುಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಕಂಟ್ರಾಕ್ಟರ್ ಇಷ್ಟು ಹೇಳಿ ಹಲ್ಲು ಕಿರಿದ. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಅವನು ನೆಲದ ಸಮ ನೋಡುವ ಗೇಣುದ್ದದ ರಸಮಟ್ಟ ಸಿಕ್ಕಿಸಿಕೊಂಡಿದ್ದ. ಅದರ ಗಾಜಿನ ಕೊಳವೆಯೊಳಗಿನ ಗುಳ್ಳೆ ಅವನು ಉಸಿರಾಡಿದಾಗೆಲ್ಲ ಅತ್ತಿತ್ತ ಓಡಾಡುತ್ತಿತ್ತು. ಆ ಸಾಧನವನ್ನು ಅವನು ಒಂದು ದಿನವೂ ಬಿಟ್ಟವನಲ್ಲ. ಅವನು ಹಾಸಿದ ಒಂದು ನೆಲವೂ ನೆಟ್ಟಗಿದ್ದದ್ದಿಲ್ಲ. ಹಾಗಾಗಿ ಜನ ಅವನನ್ನು ರಸಮಟ್ಟ ಅಂತಲೇ ಕರೆಯುತ್ತಿದ್ದರು.

ನೆಲದ ಮೇಲೆ ಮಂಡಿಯೂರಿ ಕೂತವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಹಳೇ ನಾಣ್ಯದಿಂದ ಟೈಲ್ಸ್ ಮೇಲೆ ಬಡಿಯುತ್ತಾ, ಕಿವಿಗೊಡುತ್ತಾ ಮುಂದೆ ಸರಿಯುತ್ತಿದ್ದಳು. ಟಕ್, ಟಕ್, ಟೊಳ್. ಟಕ್, ಟೊಳ್, ಟೊಳ್.

ಮನೆ ಮಾಲೀಕರ ಪರಿಹಾರ ನಿಧಿಯ ತನಿಖಾಧಿಕಾರಿ ಅವಳು. ಆಫೀಸಿನಲ್ಲಿ ಅವಳಿಗೆ ಟಕಟಕ ಮೇಡಂ ಎಂದು ಹೆಸರು. ಬೆನ್ನ ಹಿಂದೆ ಆಡಿಕೊಳ್ಳುವುದಕ್ಕೆ ಇಟ್ಟ ಹೆಸರು, ಈಗ ಅವಳೇ ಫೋನಿನಲ್ಲಿ "ನಾನು ಟಕಟಕ" ಎನ್ನುವಷ್ಟು ಅವಳಿಗೆ ಹೊಂದಿಕೊಂಡಿತ್ತು. ಗೋಡೆಗೂ ನೆಲಕ್ಕೂ ಸುಳ್ಳು ಹೇಳಲು ಬರುವುದಿಲ್ಲ, ಅದು ಬರುವುದು ಕಟ್ಟಿದವರಿಗೆ ಮಾತ್ರ ಎಂಬುದು ಅವಳ ಗಟ್ಟಿ ನಂಬಿಕೆ. ಇಷ್ಟು ವರ್ಷದಲ್ಲಿ ಆ ನಂಬಿಕೆ ಅವಳಿಗೆ ಕೈಕೊಟ್ಟಿರಲಿಲ್ಲ.

ಕಳೆದ ವಾರ ಬಂದಾಗ, ಬಿರುಕು ಬಿಟ್ಟ ಟೈಲ್ಸ್‌ನ ಅಂಚಿನಲ್ಲಿ ಅವಳು ಕಂಡಿದ್ದು ಒಂದು ಬಾಗಿದ ಗೆರೆಯ ತುದಿ ಮಾತ್ರ. ಆ ಗೆರೆಯ ಉಳಿದ ಭಾಗ ನೋಡಲು ಇವತ್ತು ಬಂದಿದ್ದಳು. ರಸಮಟ್ಟನನ್ನು ಕರೆಸಿದ್ದೂ ಅವಳೇ.

"ನೀವು ಒಪ್ಕೊಂಡಿದ್ದೇ ನನಗೆ ತಲೆನೋವಾಗಿರೋದು," ಎಂದಳು ಟಕಟಕ, ಉಳಿ ಎತ್ತಿಕೊಳ್ಳುತ್ತಾ. "ಆನೆ ಕದ್ದವನು ಅಡಿಕೆ ಕಳ್ಳ ಅನ್ನಿಸ್ಕೊಳ್ಳೋಕೆ ಯಾಕೆ ಇಷ್ಟು ಓಡಾಡ್ತಿದಾನೆ ಅಂತ."

ಅವಳಿಗೆ ಉತ್ತರ ಗೊತ್ತಿಲ್ಲದೆ ಏನಿರಲಿಲ್ಲ. ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೆಲಸ ಕೆಡಿಸಿದರೆ ನಿಧಿ ಮನೆಯವರಿಗೆ ಪರಿಹಾರ ಕೊಡುತ್ತದೆ. ಕೊಟ್ಟದ್ದನ್ನು ಆಮೇಲೆ ಕಂಟ್ರಾಕ್ಟರ್ ಕೈಯಿಂದ ಕಕ್ಕಿಸುತ್ತದೆ. ಪೂರ್ತಿ ಕಕ್ಕುವ ತನಕ ಅವನಿಗೆ ಹೊಸ ಲೈಸೆನ್ಸ್ ಸಿಗುವುದಿಲ್ಲ. ಲೈಸೆನ್ಸ್ ಇಲ್ಲದವನಿಂದ ಮಾಡಿಸಿಕೊಂಡ ಕೆಲಸವಾದರೆ ಕತೆಯೇ ಬೇರೆ. ಅವನು ಚಿಲ್ಲರೆ ದಂಡ ಕಟ್ಟಿ ಮೀಸೆ ತಿರುವಿಕೊಂಡು ಹೋಗುತ್ತಾನೆ, ಮನೆಯವರು ಬಾಯಿ ಬಾಯಿ ಬಿಡಬೇಕು.

ರಸಮಟ್ಟನ ಲೈಸೆನ್ಸ್ ರದ್ದಾಗಿದ್ದು ಈ ಮನೆಯ ಕೆಲಸ ನಡೆಯುತ್ತಿದ್ದಾಗಲೇ. ಬಚ್ಚಲುಮನೆಯ ನೆಲ ಅದಕ್ಕೆ ಮೊದಲೇ ಆಗಿತ್ತು ಎಂದು ಮನೆಯೊಡತಿ ಹೇಳುತ್ತಿದ್ದಳು. ಅಲ್ಲ, ಆಮೇಲೆ ಎಂದು ಇವನು ಎದೆ ತಟ್ಟಿಕೊಂಡು ಹೇಳುತ್ತಿದ್ದ. ನಾಳೆ ಬೆಳಿಗ್ಗೆ ಸಮಿತಿಯ ಮುಂದೆ ವಿಚಾರಣೆ. ಅಲ್ಲಿ ಸಾಬೀತಾಗದಿದ್ದರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ.

"ಅದೇನು ಕುಟ್ತಾ ಇದೀಯ ತಾಯಿ?" ಪಕ್ಕದ ಕೋಣೆಯಿಂದ ಅಜ್ಜಿಯ ದನಿ ಕೇಳಿಸಿತು. "ಕುಟ್ಟು, ಕುಟ್ಟು. ಇಡೀ ದಿನ ಸೂರು ನೋಡ್ಕೊಂಡು ಬಿದ್ದಿರೋಳಿಗೆ ಇದೊಂದು ಸಂಗೀತ."

ಮನೆಯೊಡತಿಯ ಅತ್ತೆ ಈ ಅಜ್ಜಿ. ಸೊಂಟ ಮುರಿದು ಮಹಡಿಯ ಮೇಲೆ ಹಾಸಿಗೆ ಹಿಡಿದವಳು. ಅವಳು ಕೆಳಗಿಳಿಯಲಾರಳು ಎಂದೇ ಅವಳ ಕೋಣೆಗೆ ಹೊಂದಿಕೊಂಡು ಈ ಬಚ್ಚಲುಮನೆ ಕಟ್ಟಿಸಿದ್ದು. ಈಗ ಇಲ್ಲಿ ಒಂದು ಚೊಂಬು ನೀರು ಚೆಲ್ಲಿದರೂ ಕೆಳಗಿನ ಹೊಲಿಗೆ ಕೋಣೆಯ ಸೂರಿನಿಂದ ತೊಟ್ಟಿಕ್ಕುತ್ತದೆ. ಸೂರಿನ ಗಾರೆ ಚಪ್ಪಡಿಯಷ್ಟು ದಪ್ಪ ಕಿತ್ತು ಕೆಳಗೆ ಬಿದ್ದಾಗ ಮನೆಯೊಡತಿ ಹೊಲಿಗೆ ಮಿಷನ್ ಬಿಟ್ಟು ನೀರು ಕುಡಿಯಲು ಎದ್ದಿದ್ದಳು, ಬಚಾವಾದಳು. ಅಂದಿನಿಂದ ಅವಳು ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿಸಿ ಹಿತ್ತಲಿನ ಹಳೇ ಬಚ್ಚಲಿಗೆ ಒಯ್ಯುತ್ತಿದ್ದಾಳೆ. ಗಂಡ ಲಾರಿ ಓಡಿಸುವವನು, ತಿಂಗಳುಗಟ್ಟಲೆ ದಾರಿಯ ಮೇಲೆಯೇ ಇರುತ್ತಾನೆ. ಪರಿಹಾರ ಬಂದರೆ ಒಡೆದು ಕಟ್ಟಬಹುದು. ಬರದಿದ್ದರೆ ಕೆಳಗಿನ ಕೋಣೆಯ ಅನ್ನವೂ ಹೋಯಿತು, ಮೇಲಿನ ಕೋಣೆಯ ಮಾನವೂ ಹೋಯಿತು.

ಟಕಟಕ ಉಳಿಯನ್ನು ಟೈಲ್ಸ್‌ನ ಸಂದಿಗೆ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಒಂದೇ ಒಂದು ಪೆಟ್ಟು ಹಾಕಿದಳು. ಟೈಲ್ಸ್ ಇಡಿಯಾಗಿ ಎದ್ದು ಬಂತು. ತಿರುಗಿಸಿ ನೋಡಿದಳು. ಹಿಂಬದಿ ತೊಳೆದಿಟ್ಟ ತಟ್ಟೆಯಷ್ಟು ಚೊಕ್ಕವಾಗಿತ್ತು. ನೆಲಕ್ಕೆ ಅಂಟಿದ್ದ ಗುರುತೇ ಇರಲಿಲ್ಲ.

"ನೋಡಿದ್ರಾ? ಸಿಮೆಂಟು ಹಿಡಿದೇ ಇಲ್ಲ."

"ಲೈಸೆನ್ಸ್ ಇಲ್ದೋನ ಕೆಲಸ, ಹಂಗೇ ಇರುತ್ತೆ," ಎಂದ ರಸಮಟ್ಟ. ತನ್ನ ಕೆಲಸವನ್ನು ಇಷ್ಟು ಖುಷಿಯಾಗಿ ಬೈದುಕೊಳ್ಳುವ ಮನುಷ್ಯನನ್ನು ಟಕಟಕ ಈವರೆಗೆ ಕಂಡಿರಲಿಲ್ಲ.

ಅವಳು ಇನ್ನೊಂದು ಟೈಲ್ಸ್ ಎಬ್ಬಿಸಿದಳು, ಮತ್ತೊಂದು ಎಬ್ಬಿಸಿದಳು. ಎಲ್ಲವೂ ಹಾಗೇ, ಕೈ ಮುಟ್ಟುವುದನ್ನೇ ಕಾಯುತ್ತಿದ್ದ ಹಾಗೆ ಎದ್ದು ಬಂದವು. ಕೆಳಗಿದ್ದ ಗಾರೆಯ ಮೇಲೆ ಅಂಗೈ ಆಡಿಸಿದಳು. ನುಣುಪಾಗಿತ್ತು. ಮೇಜಿನ ಹಲಗೆಯ ಮೇಲೆ ಕೈ ಇಟ್ಟ ಹಾಗಾಯಿತು.

ಅದು ಅವಳಿಗೆ ವಿಚಿತ್ರ ಅನ್ನಿಸಿತು. ಅವಳ ಸೋದರಮಾವ ಗಾರೆ ಕೆಲಸದವನು. ರಜೆಯಲ್ಲಿ ಅವನ ಜೊತೆ ಮರಳು ಹೊತ್ತು ಬೆಳೆದವಳು ಅವಳು. ಟೈಲ್ಸ್ ಕೆಳಗಿನ ಗಾರೆಯನ್ನು ಯಾವ ಮೇಸ್ತ್ರಿಯೂ ನುಣುಪು ಮಾಡುವುದಿಲ್ಲ. ಬೇಕೆಂದೇ ಒರಟಾಗಿ ಬಿಟ್ಟು, ಕರಣೆಯ ಮೂತಿಯಿಂದ ಗೀರು ಹಾಕುತ್ತಾರೆ. ಟೈಲ್ಸ್ ಕಚ್ಚಿಕೊಳ್ಳಲು ಹಲ್ಲು ಬೇಡವೇ? ಇಲ್ಲಿ ಯಾರೋ ಪುಣ್ಯಾತ್ಮ ಮುಚ್ಚಿಹೋಗುವ ನೆಲವನ್ನು ಮದುವೆ ಚಪ್ಪರದ ಹಾಗೆ ಸಿಂಗರಿಸಿದ್ದ. ಶೋಕಿಯ ಮೇಸ್ತ್ರಿ ಎಂದುಕೊಂಡು ಟಕಟಕ ಅದನ್ನು ಅಷ್ಟಕ್ಕೇ ಬಿಟ್ಟಳು.

"ಟೈಲ್ಸ್ ಹಾಕೋಕ್ಕೆ ಮುಂಚೆ ನೋಡ್ಬೇಕಿತ್ತು ನೀನು," ಅಜ್ಜಿ ಗೋಡೆಯಾಚೆಯಿಂದ ಹೇಳಿದಳು. "ಇಸ್ತ್ರಿ ಹೊಡೆದಂಗಿತ್ತು ನೆಲ. ನನ್ನ ಸೊಸೆ ನನ್ನ ಎತ್ಕೊಂಡು ಬಂದು ತೋರಿಸಿದ್ಲು, ನೋಡಿ ಅತ್ತೆ ಅಂತ."

"ಅದು ಯಾವತ್ತು ಅಜ್ಜಿ?"

"ಯಾವತ್ತು ಅಂದ್ರೆ? ಮಲಗಿದೋಳಿಗೆ ಯಾವತ್ತೂ ಇವತ್ತೇ."

ರಸಮಟ್ಟ ನಕ್ಕ. ಸಾಕ್ಷಿಗೆ ಇದ್ದ ಒಂದು ಜೀವ, ಅದಕ್ಕೂ ದಿನದ ನೆನಪಿಲ್ಲ.

ಟಕಟಕಳಿಗೆ ಅಜ್ಜಿಯ ನೆನಪು ಬೇಕಿರಲಿಲ್ಲ. ಅವಳಿಗೆ ಬೇಕಾದದ್ದು ಕಣ್ಣ ಮುಂದೆಯೇ ಇತ್ತು. ಕಿಟಕಿಯಿಂದ ಬೀಳುತ್ತಿದ್ದ ಬೆಳಕಿಗೆ ಗಾರೆಯ ಮೇಲೆ ತೆಳುವಾದ ಗೆರೆಗಳು ಎದ್ದು ಕಾಣುತ್ತಿದ್ದವು. ಒಂದರ ಪಕ್ಕ ಒಂದು, ಅರ್ಧಚಂದ್ರದ ಹಾಗೆ ಬಾಗಿದ ಗೆರೆಗಳು, ಒಳಗಿನ ಗೋಡೆಯಿಂದ ಬಾಗಿಲ ತನಕ ಸಾಲಾಗಿ ಬಂದಿದ್ದವು.

"ಟೈಲರಮ್ಮ," ಎಂದು ಕೂಗಿದಳು. "ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ ಇದ್ರೆ ಒಂದು ಕೊಡಿ."

ಮೆಟ್ಟಿಲ ತುದಿಯಲ್ಲಿ ಸದ್ದಿಲ್ಲದೆ ನಿಂತಿದ್ದ ಮನೆಯೊಡತಿ ಹತ್ತಿರ ಬಂದಳು. ಕುತ್ತಿಗೆಗೆ ಅಳತೆ ಟೇಪು, ಸೆರಗಿನ ಅಂಚಿಗೆ ಚುಚ್ಚಿಕೊಂಡ ಗುಂಡುಸೂಜಿಗಳು. ನೀಲಿ ಬಣ್ಣದ ಚಪ್ಪಟೆ ಸೀಮೆಸುಣ್ಣವನ್ನು ಬಲಗೈಯಲ್ಲಿ ಚಾಚಿದಳು, ಮತ್ತೆ ಮೆಟ್ಟಿಲ ಬಳಿಗೇ ಹೋಗಿ ನಿಂತಳು.

"ತಗೊಳ್ಳಿ ಮೇಸ್ತ್ರಿ," ಟಕಟಕ ಅದನ್ನು ರಸಮಟ್ಟನ ಮುಂದೆ ಹಿಡಿದಳು. "ಕಂಟ್ರಾಕ್ಟರ್ ಆಗೋಕ್ಕೆ ಮುಂಚೆ ನೀವೂ ಕರಣೆ ಹಿಡಿದವರೇ ಅಲ್ವಾ?"

"ನನ್ನ ಕರಣೆ ಕೆಲಸ ನೋಡೋಕೆ ಜನ ಬರ್ತಿದ್ರು."

"ನಾನೂ ಅದಕ್ಕೇ ಬಂದಿದೀನಿ. ಬಾಗಿಲಿಗೆ ಬೆನ್ನು ಹಾಕಿ ಕೂತ್ಕೊಳ್ಳಿ. ಇದೇ ಕರಣೆ, ನೆಲ ಹಸಿ ಇದೆ ಅಂದ್ಕೊಳ್ಳಿ. ಒಂದು ಸಲ ಬೀಸಿ."

ಅವನು ಅನುಮಾನಿಸಿದ. ಆದರೆ ಹೊಗಳಿಕೆ ಅರ್ಧ ಒಳಗೆ ಇಳಿದಾಗಿತ್ತು. ಪ್ಯಾಂಟು ಮೇಲೆಳೆದುಕೊಂಡು ಕೂತ. ಟಕಟಕ ಇನ್ನೂ ಎಬ್ಬಿಸದೆ ಬಿಟ್ಟಿದ್ದ ಟೈಲ್ಸ್‌ಗಳ ಮೇಲೆ ಬಲಗೈ ಚಾಚಿ ಬೀಸಿದ. ನೀಲಿ ಗೆರೆ ಚೆಂದವಾಗಿ ಬಾಗಿ ಬಂತು.

"ಇನ್ನೊಂದು."

ಇನ್ನೊಂದೂ ಹಾಗೇ ಬಂತು.

"ಸಾಕು. ಈಗ ನಿಮ್ಮ ಗೆರೆ ನೋಡಿ, ಪಕ್ಕದಲ್ಲಿ ಗಾರೆ ಮೇಲಿರೋ ಗೆರೆ ನೋಡಿ."

ರಸಮಟ್ಟ ನೋಡಿದ. ಅವನ ನೀಲಿ ಅರ್ಧಚಂದ್ರಗಳ ಬಾಯಿ ಬಲಕ್ಕೆ ತೆರೆದಿತ್ತು. ಗಾರೆಯ ಮೇಲಿನವು ಎಡಕ್ಕೆ ತೆರೆದಿದ್ದವು. ಜಗಳವಾಡಿ ಮಲಗಿದ ಗಂಡ ಹೆಂಡತಿಯ ಹಾಗೆ ಎರಡೂ ಒಂದಕ್ಕೊಂದು ಬೆನ್ನು ಹಾಕಿದ್ದವು.

"ಹಸಿ ಗಾರೆ ಮೇಲೆ ಯಾರೂ ನಡೆದಾಡೋಕಾಗಲ್ಲ," ಟಕಟಕ ನಿಧಾನವಾಗಿ ಹೇಳಿದಳು. ಇಂಥ ಹೊತ್ತಿನಲ್ಲಿ ಅವಳು ಎಂದೂ ಅವಸರ ಮಾಡಿದವಳಲ್ಲ. "ಇಲ್ಲಿಗೆ ಇರೋದು ಒಂದೇ ಬಾಗಿಲು. ಒಳಗಿನ ಗೋಡೆಯಿಂದ ಶುರು ಮಾಡಿ ಬಾಗಿಲ ಕಡೆ ಹಿಂದೆ ಹಿಂದೆ ಸರೀತಾ ಬರ್ಬೇಕು. ಈಗ ನೀವು ಕೂತಿದ್ದು ಹಾಗೇ ತಾನೆ. ಹಾಗೆ ಬರ್ತಾ ಈ ಗೆರೆ ಹಾಕೋಕೆ ಬಲಗೈಯವರಿಂದ ಆಗಲ್ಲ. ಇದು ಎಡಗೈ."

ರಸಮಟ್ಟ ಸೀಮೆಸುಣ್ಣ ಕೆಳಗಿಟ್ಟ.

"ನಿಮ್ಮ ತಂಡದವರನ್ನೆಲ್ಲ ನಾನು ನೋಡಿ ಬಂದಿದೀನಿ. ಎಲ್ಲರೂ ಬಲಗೈಯವರು. ಎಡಗೈಯವನು ಅಂತ ಇದ್ದವನು ಒಬ್ಬನೇ, ಆ ಎಡಚ. ಅವನು ಯಾವಾಗ ಬಿಟ್ಟುಹೋದ?"

ಅವನು ಜೇಬಿನ ರಸಮಟ್ಟವನ್ನು ಸರಿಪಡಿಸಿಕೊಂಡ.

"ಹೋದ ವಾರ ನೀವೇ ಹೇಳಿದ್ರಿ. ನನ್ನ ಲೈಸೆನ್ಸ್ ಇರೋವಾಗಲೇ ಕೈಕೊಟ್ಟು ಹಡಗು ಹತ್ತಿ ಪರದೇಶಕ್ಕೆ ಹೋದ, ನನ್ನ ಕೆಲಸ ಅರ್ಧಕ್ಕೆ ನಿಲ್ಲಿಸಿದ ಅಂತ. ಯಾರನ್ನ ಕೇಳಿದ್ರೂ ನೀವು ಅವನನ್ನ ಬೈದಿದ್ದು ಹೇಳ್ತಾರೆ. ಲೈಸೆನ್ಸ್ ಹೋಗೋ ಮೊದಲೇ ಹೋದವನು ಲೈಸೆನ್ಸ್ ಹೋದ ಮೇಲೆ ಬಂದು ಈ ನೆಲ ಹೇಗೆ ಸವರಿದ ಮೇಸ್ತ್ರಿ?"

ಜೇಬಿನ ರಸಮಟ್ಟದ ಗುಳ್ಳೆ ಒಂದು ತುದಿಗೆ ಹೋಗಿ ನಿಂತುಬಿಟ್ಟಿತ್ತು. ಅವನು ಉಸಿರು ಹಿಡಿದಿದ್ದಾನೆ ಎಂದು ಟಕಟಕಳಿಗೆ ಗೊತ್ತಾಯಿತು. ಅವಳಿಗೆ ಒಳಗೊಳಗೇ ಹಬ್ಬವಾಯಿತು. ಒಂದು ಚೊಂಬು ನೀರು ತೆಗೆದುಕೊಂಡು, ಬೇಕೆಂದೇ, ಅವನ ಕಾಲ ಬಳಿ ಸುರಿದಳು. ನೀರು ಹರಿದುಹೋಗಬೇಕಾದ ಜಾಲರಿಗೆ ಬೆನ್ನು ತೋರಿಸಿ ನೇರವಾಗಿ ಗೋಡೆಯ ಬುಡಕ್ಕೆ ಹೋಗಿ ಕೂತಿತು.

"ಇಳಿಜಾರು ಉಲ್ಟಾ. ಕೆಳಗೆ ನೀರು ತಡೆಯೋ ಪದರ ಹಾಕೇ ಇಲ್ಲ. ಲೈಸೆನ್ಸ್ ಇದ್ದಾಗ ಮಾಡಿದ ಕೆಲಸ ಇದು, ಕೊಡೋದು ನಿಧಿ, ಕಕ್ಕೋದು ನೀವು. ನಾಳೆ ಸಮಿತಿ ಮುಂದೆ ಇಷ್ಟು ಹೇಳಿದ್ರೆ ನನ್ನ ಕೆಲಸ ಮುಗೀತು."

ರಸಮಟ್ಟ ಎದ್ದು ನಿಂತ. ಮಂಡಿಗೆ ಹತ್ತಿದ್ದ ಧೂಳು ಕೊಡವಿದ. ಸೋತ ಮನುಷ್ಯ ಧೂಳು ಕೊಡವುವುದಕ್ಕಿಂತ ಹೆಚ್ಚು ಹೊತ್ತು ಕೊಡವಿದ. ಆಮೇಲೆ ಅವನ ಮುಖದ ಮೇಲೆ ಮತ್ತೆ ಆ ನಗು ಬಂತು.

"ಎಡಗೈ ಅಂದ್ರೆ ಲೋಕದಲ್ಲಿ ಅವನೊಬ್ಬನೇನಾ ಮೇಡಂ?"

"ನಿಮ್ಮ ತಂಡದಲ್ಲಿ ಅವನೊಬ್ಬನೇ."

"ಹ್ಞಾಂ. ನನ್ನ ತಂಡದಲ್ಲಿ." ಅವನು ಮೆಟ್ಟಿಲ ಕಡೆ ತಿರುಗಿದ. "ನಾಳೆ ನೀನೂ ಬರ್ತೀಯಲ್ಲ ಟೈಲರಕ್ಕ? ಬಾ. ತಪ್ಪಿಸ್ಬೇಡ. ಅಲ್ಲೇ ಕೂತು ಮಾತಾಡೋಣ."

ಟೈಲರಮ್ಮ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟಳು. ರಸಮಟ್ಟ ಶಿಳ್ಳೆ ಹಾಕುತ್ತಾ ಮೆಟ್ಟಿಲಿಳಿದು ಹೋದ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು ಟಕಟಕ ಬೇಕಾದಷ್ಟು ನೋಡಿದ್ದಳು. ಇವನನ್ನೂ ಆ ಲೆಕ್ಕಕ್ಕೆ ಸೇರಿಸಿದಳು.

"ಹೋದ್ನಾ?" ಅಜ್ಜಿ ಕೇಳಿದಳು.

"ಹೋದ ಅಜ್ಜಿ."

"ಒಳ್ಳೇದಾಯ್ತು. ಆ ಶಿಳ್ಳೆಗಿಂತ ನಿನ್ನ ಕುಟ್ಟೋದೇ ವಾಸಿ."

ಗೆರೆಗಳಿದ್ದ ಗಾರೆಯ ಒಂದು ತುಂಡನ್ನು ಟಕಟಕ ಸುತ್ತಲೂ ಉಳಿ ಓಡಿಸಿ, ಬಿರುಕು ಬಿಡದ ಹಾಗೆ ಎಬ್ಬಿಸಿದಳು. ಸಮಿತಿಯವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಮೇಜಿನ ಮೇಲೆ ಇಡಬೇಕು. ಹಳೇ ಚಾದರದಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಕೆಳಗಿಳಿದಳು.

ಹೊಲಿಗೆ ಕೋಣೆಯಲ್ಲಿ ಸೂರಿನ ತೂತಿನ ಕೆಳಗೆ ಬಕೆಟ್ ಇತ್ತು. ಈಗಷ್ಟೇ ಮೇಲೆ ಸುರಿದ ನೀರು ಆಗಲೇ ಹನಿಹನಿಯಾಗಿ ಅದರೊಳಗೆ ಬೀಳತೊಡಗಿತ್ತು. ಶಾಲೆಯ ಸಮವಸ್ತ್ರದ ಬಟ್ಟೆಯ ಗಂಟುಗಳನ್ನು ಒಂದು ಮೂಲೆಗೆ ಒಟ್ಟಿ ಟಾರ್ಪಾಲು ಹೊದಿಸಿದ್ದರು. ಮೇಜಿನ ಮೇಲೆ ಕತ್ತರಿಸಿಟ್ಟ ತೋಳುಗಳು, ಕಾಲರುಗಳು ಒಂದರ ಮೇಲೊಂದು ಇದ್ದವು. ಅಂಚು ಸೇರಿಸಿ ನೋಡಿದರೆ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ.

"ಕಟ್ಟೋಕೆ ಒಂದು ಚೂರು ಪಟ್ಟಿ ಸಿಗುತ್ತಾ?" ಎಂದವಳೇ ಟಕಟಕ ಮೇಜಿನ ಮೇಲಿದ್ದ ದೊಡ್ಡ ಕತ್ತರಿ ಎತ್ತಿಕೊಂಡಳು.

"ಇರಿ, ನಾನು ಕೊಡ್ತೀನಿ." ಟೈಲರಮ್ಮ ಅವಸರದಿಂದ ಬಂದಳು.

ಅಷ್ಟರಲ್ಲಿ ಟಕಟಕ ಒಂದು ಉಳಿಕೆ ಬಟ್ಟೆಗೆ ಕತ್ತರಿ ಹಾಕಿಯಾಗಿತ್ತು. ಬಟ್ಟೆ ತುಂಡಾಗಲಿಲ್ಲ. ಎರಡು ಅಲಗುಗಳ ನಡುವೆ ಮಡಚಿಕೊಂಡು ಸಿಕ್ಕಿಕೊಂಡಿತು. ಮತ್ತೆ ಒತ್ತಿದಳು, ಮತ್ತೆ ಮಡಚಿತು.

"ಮೊಂಡಾಗಿದೆ ಮೇಡಂ. ಸಾಣೆಯವನು ಈ ಕಡೆ ಬಂದೇ ಇಲ್ಲ." ಟೈಲರಮ್ಮ ಕತ್ತರಿಯನ್ನು ಕೈಯಿಂದ ತೆಗೆದುಕೊಂಡು ಆಚೆ ಇಟ್ಟಳು, ಬಟ್ಟೆಯನ್ನು ಚರ್ರೆಂದು ಕೈಯಲ್ಲೇ ಹರಿದು ಪಟ್ಟಿ ಮಾಡಿಕೊಟ್ಟಳು.

"ನಾಳೆಯಿಂದ ಸಾಣೆಯೇನು, ಹೊಸಾ ಕತ್ತರಿನೇ ತಗೊಳ್ಳಿ," ಎಂದು ಟಕಟಕ ನಕ್ಕಳು. "ಗೆದ್ದ ಹಾಗೇ ಟೈಲರಮ್ಮ. ಆ ಎಡಚ ಎಲ್ಲಿದ್ದಾನೋ, ಅವನ ಕೈ ತಣ್ಣಗಿರಲಿ. ಅವನ ಎಡಗೈ ನಿಮ್ಮ ಮನೆ ಉಳಿಸ್ತು."

ಟೈಲರಮ್ಮ ನಗಲಿಲ್ಲ. "ಬೇರೆ ಯಾವ ದಾರಿನೂ ಇಲ್ವಾ ಮೇಡಂ? ಆ ಗೆರೆ ಬಿಟ್ಟು?"

"ಇದೇ ಹೆದ್ದಾರಿ ಇರೋವಾಗ ಬೇರೆ ದಾರಿ ಯಾಕೆ?"

ಅವಳು ತಲೆಯಾಡಿಸಿದಳು. ಅತ್ತೆಯನ್ನು ಹೊತ್ತು ಹೊತ್ತು ಹೆಂಗಸು ಸೋತುಹೋಗಿದ್ದಾಳೆ, ಸಂತೋಷಪಡುವುದಕ್ಕೂ ಇವಳಲ್ಲಿ ತ್ರಾಣವಿಲ್ಲ ಎಂದು ಟಕಟಕ ಮರುಗಿದಳು.

ಗೇಟಿನ ಹೊರಗೆ ಅವಳ ಸ್ಕೂಟರ್ ನಿಂತಿತ್ತು. ಗಂಟನ್ನು ಕಾಲಿಡುವ ಜಾಗದಲ್ಲಿ ಇಟ್ಟು, ಪಟ್ಟಿಯಿಂದ ಬಿಗಿಯಾಗಿ ಕಟ್ಟತೊಡಗಿದಳು. ಮನಸ್ಸು ಆಗಲೇ ನಾಳೆಯ ಸಮಿತಿಯ ಮುಂದೆ ನಿಂತು ಮಾತಾಡುತ್ತಿತ್ತು. ಯಾವ ಮಾತಿಗೆ ರಸಮಟ್ಟನ ಮುಖ ಹೇಗಾಗುತ್ತದೆ ಎಂಬುದನ್ನೂ ನೋಡುತ್ತಿತ್ತು. ಗಂಟು ಹಾಕುವಾಗ ಪಟ್ಟಿಯ ಒಂದು ತುದಿ ಬೆರಳಿಗೆ ಸಿಕ್ಕಿತು. ತಾನು ಕತ್ತರಿ ಹಾಕಿದ್ದ ತುದಿ.

ಅವಳ ಕೈ ನಿಂತಿತು.

ಮೊಂಡು ಕತ್ತರಿ ಬಟ್ಟೆಯನ್ನು ಜಗಿಯುತ್ತದೆ, ಎಳೆ ಎಳೆ ಬಿಡಿಸುತ್ತದೆ. ಈ ತುದಿಯಲ್ಲಿ ಒಂದು ಎಳೆಯೂ ಬಿಟ್ಟಿರಲಿಲ್ಲ. ಬರೀ ಮಡಿಕೆ ಇತ್ತು. ಆ ಕೋಣೆಯಲ್ಲಿ ಆ ಅಳತೆಯ ಕತ್ತರಿ ಇದ್ದದ್ದು ಒಂದೇ. ಮೇಜಿನ ಮೇಲಿನ ಕಾಲರುಗಳನ್ನೆಲ್ಲ ಗೆರೆ ಎಳೆದ ಹಾಗೆ ಕತ್ತರಿಸಿದ್ದೂ ಅದೇ ಇರಬೇಕು. ಟೈಲರಮ್ಮನ ಕೈಯಲ್ಲಿ ಬಟ್ಟೆಯನ್ನು ಬೆಣ್ಣೆಯ ಹಾಗೆ ಕತ್ತರಿಸುವ ಕತ್ತರಿ ತನ್ನ ಕೈಗೆ ಬಂದಾಗ ಯಾಕೆ ಮುನಿಸಿಕೊಂಡಿತು?

ಎಡಗೈಯವರ ಕತ್ತರಿಯ ಅಲಗುಗಳು ತಿರುಗುಮುರುಗಾಗಿ ಕೂತಿರುತ್ತವೆ. ಬಲಗೈಯವರು ಹಿಡಿದರೆ ಅದು ಕತ್ತರಿಸುವುದಿಲ್ಲ, ಮಡಚುತ್ತದೆ.

"ಎಡಗೈ ಅಂದ್ರೆ ಲೋಕದಲ್ಲಿ ಅವನೊಬ್ಬನೇನಾ ಮೇಡಂ?"

ಟಕಟಕ ಸ್ಕೂಟರಿನ ಸೀಟಿನ ಮೇಲೆ ಕೂತುಬಿಟ್ಟಳು. ಇಷ್ಟು ಸಲ ಬಂದರೂ ಟೈಲರಮ್ಮ ತನ್ನೆದುರು ಕತ್ತರಿ ಹಿಡಿದದ್ದನ್ನು ನೋಡಿದ ನೆನಪೇ ಅವಳಿಗಿರಲಿಲ್ಲ. ಮುಚ್ಚಿಹೋಗುವ ಗಾರೆಯನ್ನು ಯಾವ ಮೇಸ್ತ್ರಿಯೂ ನುಣುಪು ಮಾಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಶೋಕಿಯ ಮೇಸ್ತ್ರಿ ಎಂದು ಕೈ ತೊಳೆದುಕೊಂಡಿದ್ದಳು. ಸುಕ್ಕು ಕಂಡರೆ ಕೈ ಕಟ್ಟಿ ಕೂರಲಾಗದವರು, ಒಂದು ಮಡಿಕೆಯನ್ನೂ ಉಳಿಸದೆ ಒತ್ತಿ ಒತ್ತಿ ಸವರುವವರು ಮೇಸ್ತ್ರಿಗಳಲ್ಲ. ಇಸ್ತ್ರಿ ಹೊಡೆದಂಗಿತ್ತು ಎಂದು ಅಜ್ಜಿ ಗೋಡೆಯಾಚೆಯಿಂದ ಕೂಗಿ ಹೇಳಿದ್ದಳು. ಟಕಟಕ ಕೈ ಯಾವುದೆಂದು ನೋಡಿದ್ದಳೇ ಹೊರತು ಆ ಕೈಯ ಕಸುಬು ಯಾವುದೆಂದು ನೋಡಿರಲಿಲ್ಲ. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆ ಸಿಟ್ಟಿನ ಹಿಂದೆಯೇ ಭಯವೂ ಬಂತು, ಏಕೆಂದರೆ ಶಿಳ್ಳೆ ಹಾಕಿಕೊಂಡು ಹೋದವನಿಗೆ ಇದು ಗೊತ್ತಿತ್ತು. ನಾಳೆ ಸಮಿತಿಯ ಮುಂದೆ ಅವನು ಒಂದು ಕತ್ತರಿ ತಂದು ಮೇಜಿನ ಮೇಲಿಟ್ಟರೆ ಸಾಕು, ಗೆರೆ ಎಡಚನದ್ದು ಎಂಬ ವಾದ ಅಲ್ಲೇ ಕುಸಿಯುತ್ತದೆ.

ಗಂಟು ಬಿಚ್ಚಿದಳು. ಪಟ್ಟಿ ಕೈಯಲ್ಲಿ ಹಿಡಿದು ಒಳಗೆ ನಡೆದಳು.

ಟೈಲರಮ್ಮ ಮಿಷನ್ ಮುಂದೆ ಕೂತಿದ್ದಳು, ಹೊಲಿಯುತ್ತಿರಲಿಲ್ಲ. ಅವಳು ಆಚೆ ಇಟ್ಟಿದ್ದ ಕತ್ತರಿಯನ್ನು ಟಕಟಕ ತೆಗೆದು ಅವಳ ಮುಂದಿಟ್ಟಳು, ಪಕ್ಕದಲ್ಲಿ ಪಟ್ಟಿ ಇಟ್ಟಳು.

"ಈ ತುದಿ ಸ್ವಲ್ಪ ನೇರ ಮಾಡಿಕೊಡಿ."

"ಮೊಂಡು ಅಂದೆನಲ್ಲ ಮೇಡಂ."

"ಮೊಂಡಾಗಿದ್ರೆ ಎಳೆ ಬಿಡ್ತಿತ್ತು. ಕತ್ತರಿಗೆ ಏನೂ ಆಗಿಲ್ಲ ಟೈಲರಮ್ಮ. ನಾನು ಹಿಡಿದ ಕೈ ಸರಿ ಇರಲಿಲ್ಲ ಅಷ್ಟೆ."

ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು. ಮೇಲೆ ಅಜ್ಜಿ ಮಗ್ಗುಲು ಬದಲಿಸಿದಾಗ ಮಂಚ ಕಿರುಗುಟ್ಟಿತು. ಟೈಲರಮ್ಮ ಒಮ್ಮೆ ಸೂರಿನ ಕಡೆ ನೋಡಿದಳು. ಆಮೇಲೆ ಎಡಗೈಯಲ್ಲಿ ಕತ್ತರಿ ಎತ್ತಿಕೊಂಡಳು. ಅಲಗುಗಳು ಪಟ್ಟಿಯ ಮೇಲೆ ಸರ್ರನೆ ಓಡಿದವು. ಮಡಿಕೆಯಿದ್ದ ತುದಿ ಮೇಜಿನ ಮೇಲೆ ಬಿತ್ತು.

"ನೆಲ ಸವರಿದ್ದು ನೀವು," ಎಂದಳು ಟಕಟಕ.

"ನಾನೇ."

"ಯಾವತ್ತು? ಅವನ ಲೈಸೆನ್ಸ್ ಹೋಗೋ ಮೊದಲಾ, ಆಮೇಲಾ? ನನ್ನ ಮುಖ ನೋಡಿ ಹೇಳಿ. ಇದೊಂದರ ಮೇಲೆ ನಿಮ್ಮ ಮನೆ ನಿಂತಿದೆ."

ಟೈಲರಮ್ಮ ಮುಖ ನೋಡಲಿಲ್ಲ. ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ರಸಮಟ್ಟನಿಗೆ ಹೇಗೆ ಗೊತ್ತಾಯ್ತು?" ಟಕಟಕ ಕೇಳಿದಳು. "ಕದ್ದು ನೋಡಿದ್ನಾ?"

"ಕದ್ದು ಯಾಕೆ ನೋಡ್ತಾನೆ? ಕರಣೆ ನನ್ನ ಕೈಗೆ ಕೊಟ್ಟೋನೇ ಅವನು."

ಟಕಟಕ ಸ್ಟೂಲು ಎಳೆದುಕೊಂಡು ಕೂರಲು ಹೋದಳು. ಟೈಲರಮ್ಮ ಕೈಯೆತ್ತಿ ತಡೆದಳು, ಅದೇ ಎಡಗೈ.

"ಮೊದಲು ಆ ಬಾಗಿಲು ಹಾಕ್ಕೊಂಡು ಬನ್ನಿ ಮೇಡಂ. ಯಾವತ್ತು ಅಂತ ಹೇಳ್ತೀನಿ. ನಮ್ಮತ್ತೆಗೆ ಮಾತ್ರ ಕೇಳಿಸ್ಬಾರದು."